ಟಾಕೀಸ್ ಕಾಕಿ ಕೊಟ್ಟ ಉಡಿ ಅಕ್ಕಿ

ಕಾಕಿಯ ಬಲಗೈಯಲ್ಲಿ, ಬಳೆ ಇರಬೇಕಾದ ಜಾಗಕ್ಕಿಂತ ತುಸು ಮೇಲೆ, ಒಂದು ಕಪ್ಪು ಪಟ್ಟಿ ಇತ್ತು. ನೊಗ ಹೊತ್ತ ಎತ್ತಿನ ಹೆಗಲಿನಂತೆ ಅಲ್ಲಿನ ಚರ್ಮ ಜಡ್ಡುಗಟ್ಟಿತ್ತು. ಹೊಸಬರು ಅದನ್ನು ಸುಟ್ಟ ಗಾಯ ಅಂದುಕೊಳ್ಳುತ್ತಿದ್ದರು. ಗಂಡ ಸತ್ತಾಗ ಬಳೆ ಒಡೆದ ಗುರುತು ಎಂದು ಕತೆ ಕಟ್ಟಿದವರೂ ಇದ್ದರು. ಜೇವರ್ಗಿಯ ಬಸ್‌ಸ್ಟ್ಯಾಂಡಿನಲ್ಲಿ ಕತೆ ಕಟ್ಟುವವರಿಗೇನು ಬರ? ನಿಜ ಸಂಗತಿ ಇಷ್ಟೇ. ಕಾಕಿಯ ಗಂಡನಿಗೆ ಒಂದು ಟಾಕೀಸು ಇತ್ತು. ಅದರಲ್ಲಿ ಹೆಂಗಸರ ಟಿಕೆಟ್ಟಿಗೆ ಬೇರೆ ಕಿಟಕಿ, ಕಿಟಕಿಯಲ್ಲಿ ಕೈ ತೂರುವಷ್ಟು ತೂತು. ಮದುವೆಯಾಗಿ ಬಂದಾಗಿನಿಂದ ಟಾಕೀಸು ಮುಚ್ಚುವ ತನಕ ಕಾಕಿ ಆ ಕಿಟಕಿಯ ಹಿಂದೆ ಕೂತು, ತೂತಿನ ಕಲ್ಲಿನ ಅಂಚಿಗೆ ಮುಂಗೈ ಊರಿ, ಟಿಕೆಟ್ ಹರಿದು ಕೊಟ್ಟವಳು. ಆ ಕಲ್ಲು ಆಕೆಯ ಕೈಗೆ ತನ್ನ ಗುರುತು ಹಾಕಿತ್ತು.

ಟಾಕೀಸು ಮುಚ್ಚಿತು, ಗಂಡ ತೀರಿಹೋದ, ಕಾಕಿ ಅದನ್ನೇ ಲಾಡ್ಜು ಮಾಡಿದಳು. ಊರಿಗೆಲ್ಲ ಆಕೆ ‘ಟಾಕೀಸ್ ಕಾಕಿ’. ನನಗೂ ಅಷ್ಟೇ. ಹೆಸರು ಗೊತ್ತಿಲ್ಲವೆಂದಲ್ಲ. ಆ ಹೆಸರಿಗೆ ಊರಿನವರು ಮಾಡಿದ್ದೇ ಸಾಕು, ನಾನೂ ಇಲ್ಲಿ ಬರೆದು ನಾಲಿಗೆಗಳಿಗೆ ಕೊಡುವುದು ಬೇಡ.

ನನ್ನ ಊರು ಆಳಂದ. ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ. ಕಲಬುರಗಿಯ ಒಂದು ಆಸ್ಪತ್ರೆಯವರು ಹಳ್ಳಿಗಳಲ್ಲಿ ಶಿಬಿರ ನಡೆಸುತ್ತಾರೆ. ಎಲ್ಲರಿಗಿಂತ ಮುಂಚೆ ಹೋಗಿ ಶಾಲೆಯ ಗೋಡೆಗೆ ಅಕ್ಷರದ ಹಲಗೆ ತೂಗುಹಾಕಿ, ಮುದುಕ ಮುದುಕಿಯರ ಗದ್ದ ಎತ್ತಿ ಹಿಡಿದು, ಪೊರೆ ಬಂದಿದೆಯೇ ಎಂದು ನೋಡುವವಳು ನಾನು. ಜೇವರ್ಗಿ ಕಡೆ ಶಿಬಿರ ಬಿದ್ದರೆ ಬೆಳಗಿನ ಮೊದಲ ಬಸ್ಸಿಗೆ ಹಳ್ಳಿ ಮುಟ್ಟಬೇಕು. ಆಳಂದದಿಂದ ಹೊರಟರೆ ಅದು ಆಗದ ಮಾತು. ಹಿಂದಿನ ದಿನವೇ ಬಂದು ಎಲ್ಲಾದರೂ ತಂಗಬೇಕು.

‘ಎಲ್ಲಾದರೂ’ ಎಂಬ ಮಾತು ಗಂಡಸರದ್ದು. ಮೊದಲ ಸಲ ಬಂದ ಸಂಜೆ ಹೆದ್ದಾರಿ ಪಕ್ಕದ ಲಾಡ್ಜಿಗೆ ಹೋದೆ. ಕೌಂಟರಿನಲ್ಲಿದ್ದವನು ನನ್ನ ಬೆನ್ನ ಹಿಂದೆ ನೋಡಿದ. ಯಾರೂ ಇರಲಿಲ್ಲ. ಒಬ್ಬರೇ ಲೇಡೀಸಿಗೆ ರೂಮ್ ಕೊಡೂದಿಲ್ಲ ಅಂದ. ಇನ್ನೊಂದು ಕಡೆ ಆಧಾರ್ ಕಾರ್ಡು ನೋಡಿ, ಆಸ್ಪತ್ರೆಯ ಗುರುತಿನ ಚೀಟಿ ನೋಡಿ, ಎಲ್ಲ ಸರಿಯಿದೆ ಎಂದು ಒಪ್ಪಿಕೊಂಡು, ಕೊನೆಗೆ ನನ್ನ ಗಂಡನಿಗೆ ಫೋನು ಹಚ್ಚಿ ಕೊಡಲು ಹೇಳಿದರು. ನನಗೆ ಮೈ ಉರಿಯಿತು. ಇಡೀ ತಾಲೂಕಿನ ಕಣ್ಣು ನಾನು ನೋಡಬಹುದು, ನನ್ನನ್ನು ನಂಬಲು ಮಾತ್ರ ಇನ್ನೊಬ್ಬ ಬೇಕು. ಚೀಲ ಎತ್ತಿಕೊಂಡು ಹೊರಗೆ ಬಂದೆ. ಬಸ್‌ಸ್ಟ್ಯಾಂಡಿನ ಎದುರಿನ ಚಾದಂಗಡಿಯ ಸಾಬರು ನನ್ನ ಮುಖ ನೋಡಿಯೇ ಸಂಗತಿ ತಿಳಿದುಕೊಂಡರು. ಚಾ ಕೊಟ್ಟು, ಓಣಿಯ ಕಡೆ ಬೆರಳು ತೋರಿಸಿ, ಟಾಕೀಸ್ ಕಾಕಿಯ ಹತ್ತಿರ ಹೋಗ್ರಿ ಅಂದರು.

ಕಾಕಿ ಟಿಕೆಟ್ ಕೋಣೆಯಲ್ಲೇ ಕೂತಿದ್ದಳು. ಕಿಟಕಿಯ ತೂತಿನಿಂದ ನನ್ನನ್ನು ನೋಡಿದಳು. ಯಾರ ಜೋಡಿ ಬಂದೀರಿ ಎಂದು ಕೇಳಲಿಲ್ಲ. ಕಾರ್ಡನ್ನೂ ಆಮೇಲೆ ನೋಡಿದಳು. ಆಕೆಯ ಮೊದಲ ಮಾತು, “ಉಂಡಿಯೇನ್ ಬೇ?”

ಇಲ್ಲ ಅಂದೆ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾದ ಹಿಂಡಿ ಬಡಿಸಿ, ಮೇಲೆ ಹೋಗುವ ಮೆಟ್ಟಿಲು ತೋರಿಸಿದಳು.

ಆ ಲಾಡ್ಜಿನಂಥ ಲಾಡ್ಜು ನಾನು ಬೇರೆ ಎಲ್ಲಿಯೂ ಕಂಡಿಲ್ಲ. ಟಾಕೀಸಿನ ನೆಲ ಪರದೆಯ ಕಡೆಗೆ ಇಳಿಜಾರು ಇರುತ್ತದಲ್ಲ, ಅದನ್ನು ಮಟ್ಟ ಮಾಡಿಸುವ ಗೊಡವೆಗೆ ಕಾಕಿ ಹೋಗಿರಲಿಲ್ಲ. ಅದರ ಮೇಲೆಯೇ ಅಡ್ಡ ಗೋಡೆ ಎಬ್ಬಿಸಿ ರೂಮು ಮಾಡಿದ್ದಳು. ಮಂಚಗಳ ಒಂದು ಕಡೆಯ ಕಾಲಿಗೆ ಇಟ್ಟಿಗೆ. ಆದರೂ ತಲೆದಿಂಬು ಬೆಳಗಿನ ಹೊತ್ತಿಗೆ ಕಾಲ ಹತ್ತಿರ ಬಂದಿರುತ್ತಿತ್ತು. ಬಕೆಟ್ಟನ್ನು ಅರ್ಧಕ್ಕಿಂತ ಹೆಚ್ಚು ತುಂಬಿದರೆ ಒಂದು ಕಡೆಯಿಂದ ನೀರು ಚೆಲ್ಲುತ್ತಿತ್ತು. ಕೈಯಿಂದ ಜಾರಿದ ಗುಳಿಗೆ, ಬಾಟಲಿಯ ಮುಚ್ಚಳ, ಪೆನ್ನು, ಎಲ್ಲವೂ ಬಾಗಿಲ ಸಂದಿಯಿಂದ ಹೊರಬಿದ್ದು ಉರುಳಿಕೊಂಡು ಪರದೆಯ ಗೋಡೆಗೆ ಹೋಗಿ ನಿಲ್ಲುತ್ತಿದ್ದವು. ಬೆಳಗ್ಗೆ ಕಾಕಿ ಅವನ್ನೆಲ್ಲ ಮೊರದಲ್ಲಿ ಹಾಕಿಕೊಂಡು, ಇದು ಯಾರ್ದು, ಇದು ಯಾರ್ದು ಎಂದು ಕೂಗುತ್ತ ಬರುತ್ತಿದ್ದಳು. ಒಮ್ಮೆ ಹತ್ತಿ ವ್ಯಾಪಾರಿಯೊಬ್ಬರ ಹಲ್ಲಿನ ಸೆಟ್ಟು ಮೊರದಲ್ಲಿತ್ತು. ತಮ್ಮದಲ್ಲ ಎಂದು ಅವರು ಬಾಯಿ ಮುಚ್ಚಿಕೊಂಡೇ ತಲೆಯಾಡಿಸಿದ್ದನ್ನು ನೆನೆಸಿಕೊಂಡು ಕಾಕಿ ವರ್ಷಗಟ್ಟಲೆ ನಗುತ್ತಿದ್ದಳು.

ಗೋಡೆಗಳು ಮೇಲಿನ ತಗಡಿನ ತನಕ ಹೋಗಿರಲಿಲ್ಲ. ಆಳೆತ್ತರಕ್ಕೆ ಬಂದು ನಿಂತುಬಿಟ್ಟಿದ್ದವು. ಹಳೆಯ ಟಾಕೀಸಿನ ಫ್ಯಾನುಗಳು ಉದ್ದ ಸರಳಿಗೆ ತೂಗುತ್ತ ಎರಡೆರಡು ರೂಮಿಗೆ ಒಂದರಂತೆ ಗೋಡೆಯ ನೆತ್ತಿಯ ಮೇಲೆ ತಿರುಗುತ್ತಿದ್ದವು. ಆದರೆ ಬಟನ್ನು ಒಂದು ರೂಮಿನಲ್ಲಿ ಮಾತ್ರ. ಬಟನ್ನಿಲ್ಲದವನು ಆಚೆಗೆ ಮುಖ ಮಾಡಿ ತುಸು ಜೋರು ಮಾಡ್ರಿ ಎಂದು ಬೇಡಬೇಕು. ಚಳಿಗಾಲದಲ್ಲಿ ಇದೇ ಕಾರಣಕ್ಕೆ ಬೀಜದ ಕಂಪನಿಯವನಿಗೂ ಸೈಕಲ್ ಬಿಡಿಭಾಗದ ವ್ಯಾಪಾರಿಗೂ ಜಗಳವಾಗಿ, ಇಬ್ಬರೂ ಮುಂದಿನ ಸಲ ಬಂದಾಗ ಅದೇ ಜೋಡಿ ರೂಮು ಕೇಳಿ ಪಡೆದರು. ರೂಮುಗಳಿಗೆ ನಂಬರಿರಲಿಲ್ಲ. ಟಾಕೀಸಿನ ಕಾಲದ ಹೆಸರೇ: ನೆಲ, ಬೆಂಚು, ಕುರ್ಚಿ. ಅವೆಲ್ಲ ಗಂಡಸರಿಗೆ.

ಬಾಲ್ಕನಿ ಹೆಂಗಸರಿಗೆ. ಅಲ್ಲಿ ಮಾತ್ರ ಗೋಡೆ ಮೇಲಿನವರೆಗೆ ಇತ್ತು, ಬಾಗಿಲು ಹೊಸ ಸಾಗವಾನಿಯದು, ಚಿಲಕ ಕಬ್ಬಿಣದ್ದು, ನನ್ನ ಮಣಿಕಟ್ಟಿನಷ್ಟು ದಪ್ಪ. ಸಿನಿಮಾ ಬಿಡುವ ಮಷಿನ್ ಕೋಣೆಯ ಚೌಕ ತೂತುಗಳನ್ನು ಲಾಡ್ಜು ಶುರುಮಾಡುವ ಮೊದಲೇ ಕಾಕಿ ಮುಂದೆ ನಿಂತು ಇಟ್ಟಿಗೆ ಹಾಕಿಸಿ ಮುಚ್ಚಿಸಿದ್ದಳು. ಬಾಲ್ಕನಿಗೆ ಹತ್ತಲು ಒಂದೇ ಮೆಟ್ಟಿಲು. ಅದು ಕಾಕಿ ಮಲಗುವ ಟಿಕೆಟ್ ಕೋಣೆಗೆ ತಾಗಿಕೊಂಡೇ ಇತ್ತು. ಬೆಕ್ಕು ಹತ್ತಿದರೂ ಆಕೆಗೆ ಗೊತ್ತಾಗುತ್ತಿತ್ತು.

“ಗಂಡಸು ಎಲ್ಲಿ ಬಿದ್ರೂ ರಾತ್ರಿ ಕಳೀತದ,” ಎಂದು ಆಕೆ ಹೇಳುತ್ತಿದ್ದಳು. “ಹೆಣ್ಣಿಗಿ ಬಾಗಲಾ ಬೇಕು. ಬಾಗಲಕ್ಕ ಚಿಲಕಾ ಬೇಕು. ಆ ಚಿಲಕಾ ಒಳಗ ಇರಬೇಕು.”

ಮೇಲೆ ಯಾರಿದ್ದಾರೆ ಎಂದು ಕೆಳಗಿನ ಗಿರಾಕಿಗಳು ಕೇಳಿದರೆ, ನನ್ನ ತಂಗಿ ಮಗಳು ಅಂತಿದ್ದಳು. ಮರುದಿನ ಬೇರೆ ಹೆಣ್ಣುಮಗಳು ಬಂದರೆ ಅವಳೂ ತಂಗಿ ಮಗಳು. ಕಾಕಿಗೆ ತಂಗಿಯೇ ಇರಲಿಲ್ಲ. ಅರ್ಧ ಜಿಲ್ಲೆಯನ್ನು ಕಾಕಿಯ ತಂಗಿಯೇ ಹಡೆದಿದ್ದಾಳೆ ಎಂದು ಬಸ್‌ಸ್ಟ್ಯಾಂಡಿನ ಮಂದಿ ಚೇಷ್ಟೆ ಮಾಡುತ್ತಿದ್ದರು. ಆಗ ಅದು ಚೇಷ್ಟೆಯೇ ಆಗಿತ್ತು. ಕಾಕಿಯೂ ನಗುತ್ತಿದ್ದಳು.

ಅಲ್ಲಿ ನಾನು ಕಂಡ ‘ತಂಗಿ ಮಕ್ಕಳು’ ಬಹಳ ಮಂದಿ. ಆಳಂದದ ಕಾಲೇಜಿನ ಲೆಕ್ಚರರ್ ಒಬ್ಬಾಕೆ ಪರೀಕ್ಷೆಯ ಕೆಲಸಕ್ಕೆ ಬರುತ್ತಿದ್ದಳು. ಅಫಜಲಪುರದ ನರ್ಸಮ್ಮ ತರಬೇತಿಗೆ ಬರುತ್ತಿದ್ದಳು. ಗೊಬ್ಬೂರಿನ ಒಬ್ಬ ಹೆಣ್ಣುಮಗಳು ಕೋರ್ಟಿನ ತಾರೀಖಿಗೆ ಬರುತ್ತಿದ್ದಳು. ಹೊಡೆಯುವ ಗಂಡನಿಂದ ಬಿಡುಗಡೆ ಕೇಳಿದ್ದ ಅವಳು, ಮೊದಲ ಸಲ ಬಂದಾಗ ಚಿಲಕ ಹಾಕಿಕೊಂಡು ಮರುದಿನ ಮಧ್ಯಾಹ್ನದ ತನಕ ನಿದ್ದೆ ಮಾಡಿದ್ದಳು. ಎಬ್ಬಿಸಲು ಹೋದ ನನ್ನನ್ನು ಕಾಕಿ ಬೈದು ಇಳಿಸಿದಳು. ಮಲಗಲಿ ಬಿಡು, ಇಷ್ಟು ದಿನದ ನಿದ್ದಿ ಬಾಕಿ ಅದ ಅಕಿದು ಅಂದಳು.

ಈಗ ಉಡಿಯ ಮಾತಿಗೆ ಬರುತ್ತೇನೆ. ಮೊದಲ ಸಲ ನಾನು ಹೊರಡುವಾಗ ಕಾಕಿ ನನ್ನನ್ನು ಟಿಕೆಟ್ ಕೋಣೆಯೊಳಗೆ ಕರೆದಳು. ಕಿಟಕಿಯ ತೂತಿಗೆ ಹಲಗೆ ಸರಿಸಿದಳು, ಬಾಗಿಲು ಮುಂದೆ ಮಾಡಿದಳು. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಇದ್ದವು. ಸೆರಗು ಹಿಡಿ ಅಂದಳು. ನಾನು ತೊಟ್ಟಿದ್ದು ಚೂಡಿದಾರ. ದುಪಟ್ಟಾ ನಡೀತದ, ಉಡಿ ಅಂದ್ರ ಬಟ್ಟಿ ಅಲ್ಲ ಅಂದಳು. ನಾನು ದುಪಟ್ಟಾದ ತುದಿ ಒಡ್ಡಿದೆ. ಕಪ್ಪು ಪಟ್ಟಿಯ ಆ ಕೈ ಅಕ್ಕಿಯನ್ನು ಬೊಗಸೆ ಬೊಗಸೆ ಸುರಿಯಿತು.

“ಹೆಣ್ಮಗಳು ಒಂದು ಮನಿಯಿಂದ ಖಾಲಿ ಉಡಿಲೆ ಹೋಗಬಾರದು,” ಅಂದಳು.

ನಮ್ಮ ಮನೆಯ ಗೋಡೆಯ ಮೇಲೆ ಇರುವುದು ಬುದ್ಧನ ಚಿತ್ರ. ಉಡಿ ತುಂಬುವುದು, ಬಾಗಿನ ಕೊಡುವುದು ನಮ್ಮ ಅಜ್ಜನ ಕಾಲಕ್ಕೇ ಬಿಟ್ಟುಹೋಗಿದ್ದವು. ತವರಿಗೆ ಬಂದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬೇರೆಯವರ ಮನೆಗಳಲ್ಲಿ ಮಡಿಲಿಗೆ ಅಕ್ಕಿ ಹಾಕುತ್ತಾರೆಂದು ಗೊತ್ತಿತ್ತು, ದೂರದಿಂದ ನೋಡಿದ್ದೆ. ನನಗೆ ಯಾರೂ ಹಾಕಿರಲಿಲ್ಲ. ಗಂಡ ಸತ್ತವಳು ಕುಂಕುಮ ಕೊಡಬಾರದೆಂಬ ಕಟ್ಟುಪಾಡು ಕೇಳಿದ್ದೆ, ಕಾಕಿ ಕುಂಕುಮ ಕೊಡಲೂ ಇಲ್ಲ. ಆದರೆ ಆ ಕಟ್ಟುಪಾಡು ಅಕ್ಕಿಗೂ ಹತ್ತುತ್ತದೆ, ಆ ಕೈಯಿಂದ ಉಡಿ ತುಂಬಿಸಿಕೊಂಡರೆ ಕೇಡು ಎನ್ನುವ ಜನ ಇದ್ದಾರೆ ಎಂಬುದು ನನಗೆ ತಿಳಿದಿರಲಿಲ್ಲ. ಬಾಗಿಲು ಮುಂದೆ ಮಾಡಿದ್ದು ಯಾಕೆಂದೂ ಯೋಚಿಸಲಿಲ್ಲ. ಗಂಡು ಗಿರಾಕಿಗಳು ಓಡಾಡುವ ಜಾಗ, ಮರ್ಯಾದೆಗೆ ಮುಚ್ಚಿದ್ದಾಳೆ ಅಂದುಕೊಂಡೆ. ಆ ಅಕ್ಕಿಯನ್ನು ಆಳಂದಕ್ಕೆ ತಂದು ಅನ್ನ ಮಾಡಿದೆ. ಗಂಡ, ಮಗಳು, ನಾನು ಉಂಡೆವು. ಲಾಡ್ಜಿನಲ್ಲಿ ಅಕ್ಕಿ ಕೊಟ್ಟರೇ ಎಂದು ನನ್ನ ಗಂಡ ಎಷ್ಟೋ ದಿನ ನಕ್ಕ.

ಕಾಕಿಯ ಮೈದುನನ ಮಗನಿಗೆ ಆ ಜಾಗದ ಮೇಲೆ ಕಣ್ಣು. ಕೆಡವಿ ಹೊಸ ಲಾಡ್ಜು ಕಟ್ಟಬೇಕು, ಎದುರಿಗೆ ಗಾಜು, ಒಳಗೆ ಏಸಿ. ಕಾಕಿ ಬದುಕಿರುವ ತನಕ ನಡೆಸಿಕೊಂಡು ಹೋಗಲಿ ಎಂದು ಆಕೆಯ ಗಂಡ ಎಲ್ಲರೆದುರು ಹೇಳಿ ಸತ್ತಿದ್ದ. ಹಾಗಾಗಿ ಹೊರಹಾಕಲು ಬರುತ್ತಿರಲಿಲ್ಲ. ಹೆಂಗಸನ್ನು ಮನೆಯಿಂದ ತೆಗೆಯಲು ಬೇರೆ ದಾರಿ ಇಲ್ಲದಾಗ ಎಲ್ಲ ಊರಲ್ಲಿಯೂ ಇರುವ ಹಳೆಯ ದಾರಿಯನ್ನೇ ಅವನೂ ಹಿಡಿದ. ಇಜ್ಜತ್ತಿನ ಮಾತು ತೆಗೆದ. ದೊಡ್ಡವ್ವನ ಬಾಲ್ಕನಿಗೆ ದಿನಾ ಹೊಸ ಹೆಂಗಸರು ಬರುತ್ತಾರೆ, ಒಬ್ಬೊಬ್ಬರೇ ಬರುತ್ತಾರೆ, ಕೇಳಿದರೆ ತಂಗಿ ಮಗಳು ಅಂತಾಳೆ, ಆಕೆಗೆ ತಂಗಿ ಎಲ್ಲಿದ್ದಾಳೆ ಹೇಳಿರಿ, ಎಂದು ಓಣಿಯಲ್ಲಿ ಶುರುಮಾಡಿದ. ನಿನ್ನೆ ತನಕ ಚೇಷ್ಟೆಯಾಗಿದ್ದ ಮಾತು ಒಂದೇ ವಾರದಲ್ಲಿ ಅಪವಾದವಾಯಿತು.

ಚಾದಂಗಡಿಯ ಸಾಬರು ನನಗೆ ಫೋನು ಮಾಡಿದರು. ಓಣಿಯ ಹಿರಿಯರನ್ನು ಕೂಡಿಸುತ್ತಾರಂತೆ, ಹುಡುಗ ಒಂದು ಶರತ್ತು ಹಾಕಿದ್ದಾನಂತೆ. ಆ ಹೆಂಗಸರಲ್ಲಿ ಇಬ್ಬರಾದರೂ ಬಂದು, ನಾವು ಇಲ್ಲಿ ಉಳಿದವರು, ಇದು ಮರ್ಯಾದೆಯ ಜಾಗ ಎಂದು ಎದುರಿಗೆ ಹೇಳಿದರೆ ತಾನು ಬಾಯಿ ಮುಚ್ಚುತ್ತಾನಂತೆ. ಇಲ್ಲವಾದರೆ ದೊಡ್ಡವ್ವ ಕೀಲಿ ಕೊಟ್ಟು ಹೊರಡಬೇಕು. ಹಿರಿಯರು ಹೂಂ ಅಂದಿದ್ದಾರೆ. ಕಾಕಿ ಯಾರಿಗೂ ಫೋನು ಮಾಡಲು ಒಪ್ಪಲಿಲ್ಲ, ಆ ಹುಡುಗಿಯರು ಮನೆಯಲ್ಲಿ ಏನು ಹೇಳಿ ಬಂದಿದ್ದಾರೋ ಏನೋ ಎನ್ನುತ್ತಾಳೆ ಎಂದು ಸಾಬರು ಬೇಸರದಿಂದ ಹೇಳಿದರು. ಯಾರ ಬಾಯಿಗೂ ಹೆದರದ ಕಾಕಿ, ನಮ್ಮ ಮನೆಯವರ ಬಾಯಿಗೆ ಹೆದರಿದ್ದಳು.

ನಾನು ಫೋನು ಮಾಡಿದೆ. ಲೆಕ್ಚರರ್ ಪೂರ್ತಿ ಕೇಳಿಸಿಕೊಂಡಳು. ಮನೆಯಲ್ಲಿ ಗೆಳತಿಯ ಮನೆಯಲ್ಲಿ ಉಳಿಯುತ್ತೇನೆ ಎಂದು ಹೇಳಿದ್ದಾಳಂತೆ, ಟಾಕೀಸ್ ಲಾಡ್ಜು ಅಂದರೆ ಅತ್ತೆ ಬಿಡುವುದಿಲ್ಲವಂತೆ, ಏನೂ ತಿಳಿದುಕೊಳ್ಳಬೇಡ ಅಂದಳು. ನರ್ಸಮ್ಮನಿಗೆ ಡ್ಯೂಟಿ ಇತ್ತಂತೆ. ಯಾವ ದಿನ ಎಂದು ನಾನಿನ್ನೂ ಹೇಳಿಯೇ ಇರಲಿಲ್ಲ. ಗೊಬ್ಬೂರಿನವಳು ಅತ್ತಳು. ಎದುರು ಪಾರ್ಟಿಯ ವಕೀಲನ ಕಿವಿಗೆ ಇದು ಬಿದ್ದರೆ ತನ್ನ ಕೇಸು ಮುಗಿದ ಹಾಗೆಯೇ ಅಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಉಳಿದ ಇಬ್ಬರ ಮೇಲೆ ಇದೆ. ಇಂದಿಗೂ ಇದೆ. ಸಂಬಳ, ಕುರ್ಚಿ, ಗೌರವ ಎಲ್ಲ ಇದ್ದವರು, ಕಾಕಿಯ ಚಿಲಕ ಹಾಕಿಕೊಂಡು ನೆಮ್ಮದಿಯಾಗಿ ಮಲಗಿದವರು, ಹಗಲಲ್ಲಿ ಅದೇ ಬಾಗಿಲಿನ ಗುರುತು ಸಿಗದವರ ಹಾಗೆ ಆಡಿದರು.

ನಾನೊಬ್ಬಳೇ ಹೋದೆ. ಟಾಕೀಸಿನ ಅಂಗಳದಲ್ಲಿ ಹಿರಿಯರು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದರು. ಓಣಿಯ ಹೆಂಗಸರು ಎದುರಿನ ಕಟ್ಟೆಯ ಮೇಲೆ. ಕಾಕಿ ಟಿಕೆಟ್ ಕಿಟಕಿಯ ಪಕ್ಕ ನಿಂತಿದ್ದಳು. ನನ್ನನ್ನು ನೋಡಿ ಆಕೆಯ ಹುಬ್ಬು ಗಂಟಾಯಿತು, ಯಾಕ ಬಂದಿ ಎಂಬ ಹಾಗೆ. ಮೈದುನನ ಮಗ ಬಹಳ ವಿನಯದ ಹುಡುಗ. ಎಲ್ಲರಿಗೂ ಕೈ ಮುಗಿದೇ ಮಾತು ಎತ್ತಿದ.

“ದೊಡ್ಡವ್ವ ನಮಗ ತಾಯಿ ಇದ್ದಂಗ್ರಿ,” ಅಂದ. “ಆದ್ರ ಮಂದಿ ಬಾಯಿ ಮುಚ್ಚಬೇಕಲ್ರಿ.”

ನಾನು ನಿಂತು ಮಾತಾಡಿದೆ. ನನ್ನ ಕೆಲಸ ಹೇಳಿದೆ, ಎಷ್ಟು ವರ್ಷದಿಂದ ಉಳಿಯುತ್ತಿದ್ದೇನೆ ಹೇಳಿದೆ, ಉಳಿದ ಲಾಡ್ಜಿನವರು ಹೇಗೆ ಹೊರಗೆ ಹಾಕಿದರು ಹೇಳಿದೆ. ಅಲ್ಲಿದ್ದ ಹಿರಿಯರಲ್ಲಿ ಒಬ್ಬರ ಕಣ್ಣನ್ನು ನಾನೇ ಶಿಬಿರದಲ್ಲಿ ನೋಡಿದ್ದೆ. ಅವರು ನನ್ನನ್ನು ಗುರುತು ಹಿಡಿದು ಹೌದೌದು ಎಂದು ತಲೆಯಾಡಿಸಿದರು. ಇನ್ನೊಬ್ಬರು ಯಾವ ಊರು, ಯಾರ ಪೈಕಿ ಎಂದು ಕೇಳಿದರು. ಹೇಳಿದೆ. ಅವರು ಕುರ್ಚಿಯಲ್ಲಿ ತುಸು ಹಿಂದಕ್ಕೆ ಸರಿದು ಕೂತರು. ಅದು ನನಗೆ ಹೊಸದಲ್ಲ, ಮಾತು ಮುಂದುವರಿಸಿದೆ. ಕಟ್ಟೆಯ ಮೇಲಿನ ಹೆಂಗಸರು ನನ್ನ ಕಡೆಗಿದ್ದರು, ಅದು ಕಾಣುತ್ತಿತ್ತು. ಒಬ್ಬಳೇ ಬಂದರೂ ಇಬ್ಬರ ಲೆಕ್ಕಕ್ಕೆ ಹಿಡಿಯೋಣ ಎಂದು ನಗೆಮಾತು ಕೂಡ ಆಯಿತು. ಗೆದ್ದೆ ಅಂದುಕೊಂಡೆ.

ಆಗ ಒಬ್ಬ ಹಿರಿಯರು ಕೇಳಿದರು: ನೀವು ರೊಕ್ಕ ಕೊಟ್ಟು ಉಳಿಯುವವರು, ಆಕೆ ನಿಮಗೆ ಏನಾಗಬೇಕು, ಇಷ್ಟು ದೂರದಿಂದ ಯಾಕೆ ಬಂದಿರಿ?

“ಹೋಗೂವಾಗ ಉಡಿ ತುಂಬಿ ಕಳಿಸ್ತಾರ್ರಿ ನಮಗ,” ಅಂದೆ. “ಬಂದ ಹೆಣ್ಮಕ್ಕಳಿಗೆಲ್ಲ ತುಂಬ್ತಾರ. ಯಾವ ಲಾಡ್ಜಿನ್ಯಾಗ ಹಿಂಗ ಮಾಡ್ತಾರ ಹೇಳ್ರಿ?”

ಹೆಮ್ಮೆಯಿಂದ ಹೇಳಿದೆ. ಅದಕ್ಕಿಂತ ದೊಡ್ಡ ಸಾಕ್ಷಿ ನನ್ನ ಹತ್ತಿರ ಇರಲಿಲ್ಲ. ಕಟ್ಟೆಯ ಮೇಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದುರು ಮನೆಯಾಕೆ ಎದ್ದು ನಿಂತಳು. ಕಾಕಿಯ ಹತ್ತಿರ ದಿನಾ ಮಜ್ಜಿಗೆ ಇಸಿದುಕೊಂಡು ಹೋಗುತ್ತಿದ್ದವಳು. ಆಕೆಯ ಮನೆ ಸಣ್ಣದು. ಹೊಸದಾಗಿ ಮದುವೆಯಾದ ಮಗಳು ತವರಿಗೆ ಬಂದಾಗ, ಬೀಗರು ತುಂಬಿಕೊಂಡಿದ್ದಾರೆಂದು ಮಗಳನ್ನು ಬಾಲ್ಕನಿಯಲ್ಲಿ ಮಲಗಿಸಿದ್ದಳು. ಆ ವರ್ಷವೇ ಮಗಳ ಬಸಿರು ನಿಲ್ಲದೆ ಹೋಗಿತ್ತು.

ಆಕೆ ಕೂಗಲಿಲ್ಲ. ಕಾಕಿಯನ್ನು ನೋಡುತ್ತ ಕೇಳಿದಳು: “ನನ್ನ ಮಗಳಿಗೂ ತುಂಬಿಯೇನ್?”

ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆದದ್ದು, ನೋಡಿದವರು ಯಾರೂ ಇಲ್ಲ. ಹತ್ತಾರು ಸುಳ್ಳು ತಂಗಿ ಮಕ್ಕಳನ್ನು ಹುಟ್ಟಿಸಿದ ಬಾಯಿಗೆ ಇನ್ನೊಂದು ಸುಳ್ಳು ಭಾರವಾಗುತ್ತಿರಲಿಲ್ಲ.

“ತುಂಬೇನಿ,” ಅಂದಳು ಕಾಕಿ. “ಅಕಿ ನನಗೂ ಮಗಳಲ್ಲೇನ್?”

ಎದುರು ಮನೆಯಾಕೆ ನೆಲಕ್ಕೆ ಕುಸಿದು ಕೈ ಬಡಿದುಕೊಂಡಳು. ಉಳಿದವರು ಅವಳನ್ನು ಹಿಡಿದುಕೊಂಡರು, ಹಿಡಿದುಕೊಂಡೇ ಕಾಕಿಯನ್ನು ಬೈದರು. ರಂಡಿ ಮುಂಡಿ ಎಂಬ ಮಾತುಗಳನ್ನೆಲ್ಲ ಅಂದು ಅಲ್ಲಿ ಕೇಳಿದೆ. ಅವನ್ನು ಆಡಿದವರು ಕಾಕಿಯ ಮಜ್ಜಿಗೆ ಕುಡಿದವರೇ. ಮೈದುನನ ಮಗ ಮತ್ತೊಂದು ಮಾತು ಆಡಬೇಕಾಗಲಿಲ್ಲ. ಹಿರಿಯರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಅವನು ಕೈ ಕಟ್ಟಿಕೊಂಡು ನಿಂತಿದ್ದ, ತಲೆ ತಗ್ಗಿಸಿಕೊಂಡು, ಬಹಳ ವಿನಯದಿಂದ.

ಎಲ್ಲರೂ ಹೋದ ಮೇಲೆ ನಾನು ಟಿಕೆಟ್ ಕೋಣೆಯಲ್ಲಿ ಕೂತು ಕಾಕಿಯ ಮೇಲೆ ಹರಿಹಾಯ್ದೆ. ನನಗೆ ಮೊದಲೇ ಯಾಕೆ ಹೇಳಲಿಲ್ಲ, ಇಲ್ಲ ಎಂದು ಒಂದು ಮಾತು ಯಾಕೆ ಅನ್ನಲಿಲ್ಲ ಎಂದು ಕೇಳಿದೆ.

“ಕೊಟ್ಟ ಕೈಲೆ ಕೊಟ್ಟಿಲ್ಲ ಅಂತ ಹ್ಯಾಂಗ ಹೇಳ್ಲಿ ಬೇ?” ಅಂದಳು.

ಆಮೇಲೆ ತಾನಾಗಿಯೇ ಒಂದು ಸಂಗತಿ ಹೇಳಿದಳು. ಗಂಡ ಸತ್ತು ಕೆಲವು ತಿಂಗಳಿಗೆ ತವರಿಗೆ, ಅಫಜಲಪುರ ಕಡೆಯ ಕರಜಗಿಗೆ ಹೋಗಿದ್ದಳಂತೆ. ಹೊರಡುವ ದಿನ ರೂಢಿಯಂತೆ ಹೊಸ್ತಿಲ ಹತ್ತಿರ ಬಂದು ಸೆರಗು ಒಡ್ಡಿ ನಿಂತಳಂತೆ. ತಮ್ಮನ ಹೆಂಡತಿಯೂ ರೂಢಿಯಂತೆಯೇ ಮೊರ ತಂದಳು. ತಂದವಳಿಗೆ ನೆನಪಾಯಿತು. ಅಲ್ಲಿಗೇ ನಿಂತಳು.

“ನಾ ಸೆರಗ ಹಿಡ್ಕೊಂಡ ನಿಂತಿದ್ದೆ. ಮೊರಾ ಹೊಳ್ಳಿ ಒಳಗ ಹೋತು,” ಅಂದಳು ಕಾಕಿ. “ಬಸ್ಸಿನ್ಯಾಗ ಕುಂತು ನೋಡ್ತೇನಿ, ಸೆರಗ ಇನ್ನೂ ಕೈಯಾಗೇ ಅದ.”

ಇಷ್ಟನ್ನು ಆಕೆ ಅಳದೆ ಹೇಳಿದಳು. ನಾನೇ ಅತ್ತೆ. ಹೊರಡಲು ಎದ್ದಾಗ ಆಕೆ ಮೊರ ತೆಗೆದಳು. ಆ ದಿನ ಕಿಟಕಿಗೆ ಹಲಗೆ ಸರಿಸಲಿಲ್ಲ, ಬಾಗಿಲು ಮುಂದೆ ಮಾಡಲಿಲ್ಲ. ಓಣಿಯ ಅಷ್ಟೂ ಕಣ್ಣುಗಳ ಎದುರು ನನ್ನ ಉಡಿ ತುಂಬಿದಳು. ನಾನು ಅದನ್ನು ಗಂಟು ಕಟ್ಟಿಕೊಂಡು, ಎದುರು ಮನೆಯ ಮುಂದಿನಿಂದಲೇ ನಡೆದು ಬಸ್ ಹತ್ತಿದೆ.

ತಪ್ಪು ನನ್ನದೆಂದು ನನ್ನ ಬಾಯಿಂದ ಹೇಳಿಸಲು ಬಹಳ ಜನ ನೋಡಿದರು. ಲೆಕ್ಚರರ್ ಆಳಂದದ ಸಂತೆಯಲ್ಲಿ ಸಿಕ್ಕು, ನೀನು ಉಡಿಯ ಮಾತು ಎತ್ತಬಾರದಿತ್ತು ನೋಡು, ಅಂದಳು. ಬಾಯಿಯೇ ಬಿಡದವರು ಬಾಯಿಬಿಟ್ಟವರಿಗೆ ಬುದ್ಧಿ ಹೇಳುವುದು ನಮ್ಮ ಕಡೆ ರೂಢಿ. ನಾನು ಒಪ್ಪಲಿಲ್ಲ, ಒಪ್ಪುವುದೂ ಇಲ್ಲ. ಅಕ್ಕಿ ಕೊಟ್ಟದ್ದು ಒಳ್ಳೆಯ ಕೆಲಸ. ಒಳ್ಳೆಯ ಕೆಲಸವನ್ನು ಒಳ್ಳೆಯ ಕೆಲಸವೆಂದು ಹೇಳಿದೆ. ಅದನ್ನು ಕೇಳಿ ಊರು ಕೆಟ್ಟದ್ದಾದರೆ ಅದು ಊರಿನ ಹಣೆಬರಹ.

ಕಾಕಿ ಕೀಲಿ ಕೊಟ್ಟಳು. ಹೋಗಲು ಇದ್ದದ್ದು ಅದೇ ಕರಜಗಿ, ಅದೇ ಹೊಸ್ತಿಲು. ಜೇವರ್ಗಿಯಲ್ಲಿ ಈಗ ಇಳಿಜಾರಿನ ನೆಲ ಇಲ್ಲ. ಮಟ್ಟ ಮಾಡಿ ಟೈಲ್ಸ್ ಹಾಕಿದ್ದಾರೆ. ಎದುರಿಗೆ ಗಾಜು ಬಂದಿದೆ. ಒಮ್ಮೆ ಬೇಕೆಂದೇ ಒಳಗೆ ಹೋಗಿ ರೂಮು ಕೇಳಿದೆ. ಕೌಂಟರಿನವನು ನನ್ನ ಬೆನ್ನ ಹಿಂದೆ ನೋಡಿದ.

ಕಾಕಿಯನ್ನು ಮತ್ತೆ ಕಂಡದ್ದು ಕರಜಗಿಯ ಶಿಬಿರದಲ್ಲಿ. ಸಾಲಿನಲ್ಲಿ ಬಂದ ಮುದುಕಿಯೊಬ್ಬಳು ಮೇಜಿನ ಅಂಚಿಗೆ ಮುಂಗೈ ಊರಿದಳು. ಮುಖಕ್ಕಿಂತ ಮೊದಲು ನನಗೆ ಕಪ್ಪು ಪಟ್ಟಿ ಕಂಡಿತು. ಎರಡೂ ಕಣ್ಣಿಗೆ ಪೊರೆ ಬಂದು ಹಣ್ಣಾಗಿತ್ತು. ನನ್ನ ದನಿಯಿಂದ ಗುರುತು ಹಿಡಿದಳು. ಆಪರೇಶನ್ ಆಗಬೇಕು, ಕಲಬುರಗಿಗೆ ಬರಬೇಕು, ಜೊತೆಗೆ ಸಂಬಂಧಿಕರೊಬ್ಬರು ಇರಬೇಕು ಎಂದು ಹೇಳಿದೆ. ಪಕ್ಕದಲ್ಲಿದ್ದ ತಮ್ಮನ ಹೆಂಡತಿ, ಕಬ್ಬಿನ ಕಟಾವು ನಡೆದದ, ಯಾರಿಗೂ ಪುರಸೊತ್ತಿಲ್ಲ ಅಂದಳು. ಸಂಬಂಧಿಕರ ಜಾಗದಲ್ಲಿ ನನ್ನ ಹೆಸರು ಹಾಕಿಸಿದೆ. ಏನಾಗಬೇಕು ಎಂದು ಬರೆದುಕೊಳ್ಳುವವನು ಕೇಳಿದ. ತಂಗಿ ಮಗಳು ಅಂದೆ.

ಕಾಕಿ ನಕ್ಕಳು. “ನನ್ನ ಸುಳ್ಳು ನನಗೇ ಹೇಳಾಕತ್ತಿಯೇನ್ ಬೇ?”

ಹೊರಡುವಾಗ ಆಕೆಯ ಕೈ ಸುಮ್ಮನೆ ಅತ್ತಿತ್ತ ತಡಕಾಡಿತು, ಮೊರ ಹುಡುಕುವ ಹಾಗೆ. ಅದು ಆಕೆಯ ಮನೆಯಲ್ಲ, ಅಲ್ಲಿ ಆಕೆಯ ಅಕ್ಕಿ ಇಲ್ಲ. ಕೊನೆಗೆ ಖಾಲಿ ಕೈಯನ್ನೇ ನನ್ನ ಸೆರಗಿನ ಮೇಲೆ ಒಂದು ಗಳಿಗೆ ಇಟ್ಟು ತೆಗೆದಳು.

ಆಪರೇಶನ್ನಿನ ದಿನ ಗೊತ್ತಾಗಿತ್ತು. ಅದಕ್ಕೆ ಮೊದಲೇ ಆಕೆ ಹೋದಳು. ಸುದ್ದಿ ತಿಳಿಸಿದವರು ಮತ್ತೆ ಆ ಚಾದಂಗಡಿಯ ಸಾಬರೇ. ನಾನು ಮನೆಯ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಗಂಟು ಕಟ್ಟಿಕೊಂಡು ಕರಜಗಿಗೆ ಹೋದೆ. ಅವರ ಪದ್ಧತಿಯಂತೆ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಯಲ್ಲಿ ವಿಭೂತಿ, ಮೈಮೇಲೆ ಬಿಳಿ ಸೀರೆ. ಎರಡೂ ಕೈ ತೊಡೆಯ ಮೇಲಿದ್ದವು. ಮಡಿಲು ಖಾಲಿ ಇತ್ತು. ನಾನು ಗಂಟು ಬಿಚ್ಚುವುದನ್ನು ನೋಡಿ ತಮ್ಮನ ಹೆಂಡತಿ ಕೈ ಅಡ್ಡ ತಂದಳು. ಮುತ್ತೈದಿಗಿ ಅಷ್ಟೇ ಹಾಕ್ತಾರವ್ವ, ನಿನಗ ಗೊತ್ತಿಲ್ಲೇನು ಅಂದಳು.

“ಗೊತ್ತದ,” ಅಂದೆ.

ಆಕೆಯ ಕೈಯನ್ನು ಸರಿಸಿದೆ. ಕಾಕಿಯ ಸೆರಗಿನ ತುದಿ ಎಳೆದು ಮಡಿಲಿಗೆ ಹಾಸಿ, ಅಕ್ಕಿಯನ್ನು ಬೊಗಸೆಯಿಂದ ಹಾಕಿದೆ. ಕೊಬ್ಬರಿ ಬಟ್ಟಲು ಇಟ್ಟೆ, ಎಲೆ ಅಡಿಕೆ ಇಟ್ಟೆ. ಸತ್ತ ಮನೆಯಲ್ಲಿ ಜಗಳ ಬೇಡವೆಂದೋ ಏನೋ, ತಮ್ಮನ ಹೆಂಡತಿ ಹಿಂದಕ್ಕೆ ಸರಿದು ನಿಂತಳು.

ಹೆಣ ಎತ್ತುವ ಮೊದಲು ಅವರು ಮಾಡಬೇಕಾದ್ದನ್ನು ಮಾಡಿದರು. ತಮ್ಮನ ಹೆಂಡತಿ ಬಗ್ಗಿ, ಕೊಬ್ಬರಿ ಎತ್ತಿ ಆಚೆ ಇಟ್ಟು, ಅಕ್ಕಿಯನ್ನು ಬಳಿದು ಮೊರಕ್ಕೆ ತುಂಬಿಕೊಂಡಳು. ಮೊರ ಒಳಗೆ ಹೋಯಿತು. ನಾನು ಅಲ್ಲಿಯೇ ನಿಂತು ನೋಡಿದೆ. ಬಳಿಯುವಾಗ ಆಕೆಗೆ ಅವಸರವಿತ್ತು. ಕೆಲವು ಕಾಳು ಸೀರೆಯ ಮಡಿಕೆಯಲ್ಲಿ, ಕಪ್ಪು ಪಟ್ಟಿಯ ಕೈಯ ಕೆಳಗೆ ಉಳಿದುಕೊಂಡವು. ನಾನು ಯಾರಿಗೂ ಹೇಳಲಿಲ್ಲ. ಅಷ್ಟು ಕಾಳು ಕಾಕಿಯ ಸಂಗಡ ಹೋದವು.